ಸಹಾಯ ಬೇಕು: ಹಳೆಯ ಮಾಜ್ಡಾ ಎಂಎಕ್ಸ್-5 ಕಾರು ಕೊಳ್ಳುವ ಮುನ್ನ ಏನೇನು ನೋಡಬೇಕು?

ನಮಸ್ಕಾರ. ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಬಾಡೆನ್‌-ಬಾಡೆನ್‌ನಿಂದ ಫ್ರಾಯ್ಡೆನ್‌ಸ್ಟಾಟ್‌ಗೆ ಹೋಗುವ ಬಿ500 ಘಟ್ಟದ ರಸ್ತೆ ನನ್ನ ಭಾನುವಾರದ ಚಟ. ಈಗಿರುವುದು ಸುಮಾರು 300 ಅಶ್ವಶಕ್ತಿಯ ಹೊಸ ಹ್ಯಾಚ್‌ಬ್ಯಾಕ್. ವೇಗಕ್ಕೆ ಕೊರತೆಯಿಲ್ಲ, ಆದರೆ ಸ್ಟೀರಿಂಗ್ ಹಿಡಿದರೆ ರಸ್ತೆಯ ಸುದ್ದಿಯೇ ಕೈಗೆ ತಲುಪುವುದಿಲ್ಲ. ಅದರ ಸಾಮರ್ಥ್ಯದ ಅರ್ಧ ಮುಟ್ಟುವಷ್ಟರಲ್ಲಿ ಪರವಾನಗಿ ಕಳೆದುಕೊಳ್ಳುವ ಭಯ. ವೇಗಮಿತಿ ಸ್ವಲ್ಪ ಮೀರಿದರೆ ಕಿವಿಯ ಬಳಿ ಪೀಂ ಪೀಂ! 2024ರ ಜುಲೈಯಿಂದ ಯುರೋಪಿಯನ್ ಒಕ್ಕೂಟದ ಪ್ರತಿ ಹೊಸ ಕಾರಿಗೂ ಕಡ್ಡಾಯವಾದ ಈ ಎಚ್ಚರಿಕೆಯನ್ನು ಆಫ್ ಮಾಡಬಹುದು, ಆದರೆ ಮತ್ತೆ ಎಂಜಿನ್ ಚಾಲೂ ಮಾಡಿದರೆ ಅದೂ ಎದ್ದು ಕೂರುತ್ತದೆ.

ಕಳೆದ ವಾರ ಗೆಳೆಯನ ಮೊದಲ ತಲೆಮಾರಿನ ಎಂಎಕ್ಸ್-5 ಓಡಿಸಿದೆ; ಮೇಲ್ಛಾವಣಿ ತೆರೆಯಬಹುದಾದ, ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು ಅದು. 1.6 ಲೀಟರ್, 115 ಅಶ್ವಶಕ್ತಿ, ತೂಕ ಒಂದು ಟನ್ನಿನ ಆಸುಪಾಸು. ಗೇರ್ ಬದಲಿಸುವುದೇ ಒಂದು ಸುಖ. ಅರವತ್ತರ ವೇಗದಲ್ಲೇ ತಿರುವು ರೋಮಾಂಚನ ತರುತ್ತದೆ. ಹೆದ್ದಾರಿಯಲ್ಲಿ ಮಾತ್ರ ಗಾಳಿಯ ಗದ್ದಲಕ್ಕೆ ತಲೆ ಚಿಟ್ಟು ಹಿಡಿಯಿತು. ನನ್ನ ಎತ್ತರಕ್ಕೆ ಮೊಣಕಾಲೂ ಸ್ಟೀರಿಂಗ್‌ಗೆ ತಾಗುತ್ತದೆ.

ಅಂಥದ್ದೇ ಒಂದನ್ನು ಕೊಳ್ಳುವ ಮನಸ್ಸಾಗಿದೆ. ಬಾಗಿಲ ಕೆಳಗಿನ ಸಿಲ್‌ಗಳಲ್ಲಿ, ಹಿಂಚಕ್ರದ ಮುಂದೆ ತುಕ್ಕು ಹಿಡಿಯುತ್ತದೆಂದು ಗೊತ್ತು. ಬಣ್ಣದ ಕೆಳಗೆ ಮುಚ್ಚಿಟ್ಟ ತುಕ್ಕನ್ನು ಕಂಡುಹಿಡಿಯುವುದು ಹೇಗೆ? ಸೀಟನ್ನು ತಗ್ಗಿಸಿಕೊಂಡವರು ಯಾರಾದರೂ ಇದ್ದೀರಾ? ಶನಿವಾರ ಕಾರು ನೋಡಲು ಹೋಗುತ್ತಿದ್ದೇನೆ, ಅದಕ್ಕೆ ಮೊದಲು ತಿಳಿಸಿದರೆ ಉಪಕಾರ.