ಸಹಾಯ ಬೇಕು: ಮೊಟ್ಟೆ ತಿನ್ನದ ಗರ್ಭಿಣಿಯರಿಗೆ ಬಿ ವಿಟಮಿನ್ ಕರಪತ್ರ

ಎಲ್ಲರಿಗೂ ನಮಸ್ಕಾರ. ಮೊಟ್ಟೆ, ಮೀನು, ಮಾಂಸ ಮುಟ್ಟದ ಗರ್ಭಿಣಿಯರಿಗಾಗಿ ಒಂದು ಪುಟದ ಕರಪತ್ರ ಸಿದ್ಧವಾಗುತ್ತಿದೆ. ಕರಡು ನೋಡಿಕೊಡಲು ಪ್ರಸೂತಿ ವೈದ್ಯರು, ಆಹಾರ ತಜ್ಞರು, ಆಶಾ ಕಾರ್ಯಕರ್ತೆಯರು ಬೇಕು.

ಫೋಲಿಕ್ ಆಮ್ಲದ ಭಾಗ ಮುಗಿದಿದೆ. ದಿನಕ್ಕೆ 400 ಮೈಕ್ರೋಗ್ರಾಂ, ಸಾಧ್ಯವಾದರೆ ಗರ್ಭ ನಿಲ್ಲುವ ಮೊದಲೇ ಶುರು. ಏಕೆಂದರೆ ಭ್ರೂಣದ ನರನಾಳ (ಮುಂದೆ ಮೆದುಳು, ಬೆನ್ನುಹುರಿ ಆಗುವ ಭಾಗ) ಗರ್ಭ ನಿಂತ ಸುಮಾರು 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ನಾಲ್ಕನೇ ತಿಂಗಳಿಂದ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುವ ಸರ್ಕಾರಿ ಕೆಂಪು ಮಾತ್ರೆ, 180 ದಿನ. ಹಿಂದಿನ ಮಗುವಿಗೆ ನರನಾಳದ ದೋಷವಿದ್ದರೆ, ಮೂರ್ಛೆರೋಗದ ಮಾತ್ರೆ ನುಂಗುತ್ತಿದ್ದರೆ ಪ್ರಮಾಣವನ್ನು ವೈದ್ಯರೇ ಹೇಳಬೇಕು.

ತೊಡಕಿರುವುದು ಬಿ12ರಲ್ಲಿ. ಕೆಂಪು ಮಾತ್ರೆಯಲ್ಲಿ ಅದಿಲ್ಲ. ಅಂಗನವಾಡಿಯಲ್ಲಿ ಮೊಟ್ಟೆಯ ಬದಲು ಕೊಡುವ ಮೊಳಕೆ ಕಾಳಿನಲ್ಲೂ ಇಲ್ಲ. ಉಳಿದದ್ದು ಹಾಲು, ಮೊಸರು. ಫೋಲಿಕ್ ಆಮ್ಲದಿಂದ ರಕ್ತಹೀನತೆ ಸುಧಾರಿಸಿದರೂ ಬಿ12 ಕೊರತೆಯಿಂದ ನರಗಳಿಗಾಗುವ ಹಾನಿ ಒಳಗೊಳಗೇ ಮುಂದುವರಿಯಬಹುದು. ಕಬ್ಬಿಣದ ಕೊರತೆಯೂ ಜೊತೆಗಿದ್ದರೆ ಎಂಸಿವಿ (ಕೆಂಪು ರಕ್ತಕಣಗಳ ಸರಾಸರಿ ಗಾತ್ರ) ಸಹಜವಾಗಿಯೇ ಕಾಣಬಹುದು, ಹಾಗಾಗಿ ಸಿಬಿಸಿ (ರಕ್ತಕಣಗಳ ಎಣಿಕೆ) ವರದಿ ಒಂದನ್ನೇ ನಂಬುವಂತಿಲ್ಲ. ಕೈಕಾಲು ಜೋಮು ಹಿಡಿಯುವವರು, ತಪ್ಪದೆ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದವರು ಬಿ12 ಪರೀಕ್ಷೆ ಮಾಡಿಸಬೇಕು ಎಂದು ಬರೆದಿದ್ದೇವೆ. ಇನ್ನೇನು ಸೇರಿಸಬೇಕು?

ಹಾಗೆಯೇ, ನಿಮ್ಮ ಕಡೆ ಸೊಪ್ಪು ಬೇಯಿಸಿದ ನೀರನ್ನು ಚೆಲ್ಲುತ್ತಾರಾ? ಫೋಲೇಟ್ (ಆಹಾರದಲ್ಲಿ ಸಹಜವಾಗಿ ಸಿಗುವ ಫೋಲಿಕ್ ಆಮ್ಲದ ರೂಪ) ಆ ನೀರಿಗೇ ಇಳಿಯುತ್ತದೆ. ಬಸ್ಸಾರು ಮಾಡುವ ಮನೆಗಳಲ್ಲಿ ಅದು ಸಾರಿಗೆ ಸೇರುತ್ತದೆ, ಒಳ್ಳೆಯ ಪದ್ಧತಿ. ಜಿಲ್ಲೆ, ಸೊಪ್ಪಿನ ಹೆಸರು, ಬೇಯಿಸುವ ಬಗೆ ದಯವಿಟ್ಟು ಕೆಳಗೆ ಬರೆಯಿರಿ.