ನಿವೃತ್ತಿಯ ನಂತರ ಶಾಸನ ಓದಲು ಕಲಿಯಬಹುದೇ?

ಪ್ರಶ್ನೆ: ಬ್ಯಾಂಕಿನ ಲೆಕ್ಕಪತ್ರಗಳಲ್ಲೇ ವೃತ್ತಿಜೀವನ ಕಳೆದ ನಾನು ಪತ್ನಿಯೊಂದಿಗೆ ಬಾದಾಮಿ, ಐಹೊಳೆಗಳಿಗೆ ಹೊರಡುವವನಿದ್ದೇನೆ. ಗುಡಿಗಳನ್ನು ಸುತ್ತಿ ಫೋಟೊ ತೆಗೆದು ಮರಳುವ ಬದಲು ಅಲ್ಲಿನ ಕಲ್ಬರಹಗಳನ್ನು ಸ್ವಲ್ಪವಾದರೂ ಓದಬೇಕೆಂಬ ಆಸೆ ನಮ್ಮಿಬ್ಬರಿಗೂ ಇದೆ. ಮಕ್ಕಳು ನಗುತ್ತಿದ್ದಾರೆ. ಎಲ್ಲಿಂದ ಆರಂಭಿಸಬೇಕು?

ಉತ್ತರ 1: ಮಾನ್ಯರೇ, ಅತ್ಯಂತ ಹಳೆಯದರಿಂದ ಆರಂಭಿಸಬೇಡಿ. ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಕ್ರಿ.ಶ. 578ರ ಶಾಸನದ ಲಿಪಿ ಇಂದಿನ ಕನ್ನಡಕ್ಕಿಂತ ಬಹಳ ಭಿನ್ನವಾಗಿದೆ. ವಿಜಯನಗರ ಕಾಲದ ಶಾಸನಗಳಲ್ಲಾದರೋ ಅನೇಕ ಅಕ್ಷರಗಳು ಪರಿಚಿತವಾಗಿಯೇ ಕಾಣುತ್ತವೆ. ಮೊದಲ ಸಾಲಿನಲ್ಲಿ ‘ಸ್ವಸ್ತಿ ಶ್ರೀ’ ಎಂಬುದನ್ನೂ, ದಾನಶಾಸನವಾದರೆ ಕೊನೆಯಲ್ಲಿ ಬರುವ ‘ಸ್ವದತ್ತಾಂ ಪರದತ್ತಾಂ ವಾ’ ಎಂಬ, ದಾನ ಕಸಿಯುವವರನ್ನು ಶಪಿಸುವ ಶ್ಲೋಕವನ್ನೂ ಹುಡುಕಿ. ಗೊತ್ತಿರುವ ಮಾತಿನಿಂದ ಗೊತ್ತಿಲ್ಲದ ಅಕ್ಷರ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಉತ್ತರ 2: ಮೇಲಿನ ಕ್ರಮ ಸರಿಯಾದರೂ ಬಾದಾಮಿಗೆ ಹೋಗುವವರು ಕಪ್ಪೆ ಅರಭಟ್ಟನ ಶಾಸನವನ್ನು ಬಿಡುವುದು ನ್ಯಾಯವಲ್ಲ, ಬಂಡೆಯ ಮೇಲಿರುವ ಅದರಲ್ಲಿ ತ್ರಿಪದಿಗಳೇ ಇವೆ. ಅಚ್ಚಾದ ಪಾಠವನ್ನು ಮೊದಲೇ ಬರೆದುಕೊಂಡು ಹೋಗಿ, ಒಬ್ಬರು ಓದುತ್ತಿರುವಾಗ ಇನ್ನೊಬ್ಬರು ಕಲ್ಲಿನೊಡನೆ ತಾಳೆ ನೋಡಿ. ಓರೆ ಬಿಸಿಲಿನಲ್ಲಿ ಅಕ್ಷರದ ಗೆರೆಗಳು ಸ್ಪಷ್ಟವಾಗುತ್ತವೆ. ಸ್ಪಷ್ಟವಾಗಲೆಂದು ಹಿಟ್ಟನ್ನಾಗಲಿ ಸೀಮೆಸುಣ್ಣವನ್ನಾಗಲಿ ಬಳಿಯುವ ಕೆಟ್ಟ ಚಾಳಿ ಮಾತ್ರ ಬೇಡ.

ಉತ್ತರ 3: ಐಹೊಳೆಯ ಮೇಗುತಿ ಜಿನಾಲಯದಲ್ಲಿರುವ, ಕವಿ ರವಿಕೀರ್ತಿ ರಚಿಸಿದ ಕ್ರಿ.ಶ. 634ರ ಶಾಸನದ ಭಾಷೆ ಸಂಸ್ಕೃತ, ಕನ್ನಡವನ್ನು ನಿರೀಕ್ಷಿಸಿ ಹೋದರೆ ನಿರಾಶೆಯಾದೀತು. ಅದು ಬೆಟ್ಟದ ಮೇಲಿದೆ, ಮೆಟ್ಟಿಲು ಹತ್ತಬೇಕು. ಅಮ್ಮನವರಿಗೆ ಮಂಡಿನೋವಿದ್ದರೆ ಬೆಳಗಿನ ತಂಪಿನಲ್ಲೇ ಹೊರಡಿ.