ಮಾರಿಯೊ ಬಾವಾ ಅವರ ‘ಎ ಬೇ ಆಫ್ ಬ್ಲಡ್’ (1971): ಹದಿಮೂರು ಕೊಲೆಗಳ ಆಚೆಗೆ ಈ ಚಿತ್ರದಲ್ಲಿ ಏನಿದೆ?

ಕೊನೆಯ ಸಾಲಿನ ಪ್ರೇಕ್ಷಕ

ಎಲ್ಲರಿಗೂ ನಮಸ್ಕಾರ. ಚಿತ್ರವನ್ನು ಇನ್ನೂ ನೋಡಿರದವರು ಮುಂದೆ ಓದದಿರುವುದು ಒಳಿತು, ಏಕೆಂದರೆ ಅಂತ್ಯವನ್ನು ಮರೆಮಾಚಿ ಈ ಪ್ರಶ್ನೆಯನ್ನು ಕೇಳುವುದು ನನ್ನಿಂದಾಗಲಿಲ್ಲ.

ವಿದ್ಯಾರ್ಥಿಯಾಗಿದ್ದಾಗ ಎಂಬತ್ತರ ದಶಕದ ಅಮೆರಿಕದ ಸ್ಲ್ಯಾಷರ್ ಚಿತ್ರಗಳನ್ನು, ಅಂದರೆ ಕೊಲೆಗಾರನೊಬ್ಬ ಒಬ್ಬೊಬ್ಬರನ್ನೇ ಕೊಂದುಹಾಕುತ್ತ ಹೋಗುವ ಭಯಾನಕ ಚಿತ್ರಗಳನ್ನು, ಬಾಡಿಗೆ ಕ್ಯಾಸೆಟ್ಟುಗಳಲ್ಲಿ ಒಂದೊಂದಾಗಿ ನೋಡಿ ಮುಗಿಸಿದವನು ನಾನು. ಆ ಚಿತ್ರಗಳ ಬೇರನ್ನು ಹುಡುಕುತ್ತ ಹೋದವರು ಇಟಲಿಯ ಮಾರಿಯೊ ಬಾವಾ ಅವರ ಹೆಸರನ್ನು ತಪ್ಪದೆ ಹೇಳುತ್ತಾರಾದ್ದರಿಂದ, ಕಳೆದ ವಾರ ‘ಎ ಬೇ ಆಫ್ ಬ್ಲಡ್’ ಚಿತ್ರವನ್ನು ಇಟಾಲಿಯನ್ ಧ್ವನಿಯಲ್ಲಿ ನೋಡಿದೆ. ಆರಂಭ ನನ್ನನ್ನು ಬೆರಗುಗೊಳಿಸಿತು. ಗಾಲಿಕುರ್ಚಿಯಲ್ಲಿ ಕುಳಿತ ವೃದ್ಧ ಕೌಂಟೆಸ್ ಒಬ್ಬಳೇ ಮನೆಯೊಳಗೆ ಸುತ್ತಾಡುತ್ತಾಳೆ, ಬಾಗಿಲ ಬಳಿ ಕಾದಿದ್ದ ಕುಣಿಕೆ ಅವಳ ಕೊರಳಿಗೆ ಬೀಳುತ್ತದೆ, ಕೊಂದವನ ಮುಖವನ್ನು ನಿರ್ದೇಶಕರು ಆ ಕ್ಷಣದಲ್ಲೇ ತೋರಿಸಿಬಿಡುತ್ತಾರೆ, ಆತ ಅವಳ ಗಂಡನೇ ಎಂದು ನಾವು ತಿಳಿಯುವಷ್ಟರಲ್ಲಿ ಅವನ ಬೆನ್ನಿಗೂ ಚೂರಿ ಬೀಳುತ್ತದೆ. ಪತ್ತೇದಾರಿ ಕಥೆಯೊಂದು ಕೊನೆಯ ಪುಟದವರೆಗೆ ಜೋಪಾನವಾಗಿ ಕಾಪಾಡಿಕೊಳ್ಳಬೇಕಾದ ಗುಟ್ಟನ್ನು ಬಾವಾ ಮೊದಲ ಹತ್ತು ನಿಮಿಷಗಳಲ್ಲೇ ಬಿಟ್ಟುಕೊಡುತ್ತಾರೆ.

ಆದರೆ ಅಲ್ಲಿಂದ ಮುಂದೆ ನನ್ನ ಉತ್ಸಾಹ ಇಳಿಯುತ್ತ ಹೋಯಿತು. ನಾಲ್ವರು ಯುವಕ ಯುವತಿಯರು ಎಲ್ಲಿಂದಲೋ ಬರುತ್ತಾರೆ, ಕಥೆಗೂ ತಮಗೂ ಸಂಬಂಧವೇ ಇಲ್ಲದವರಂತೆ ಕುಣಿದು, ಈಜಿ, ಸತ್ತುಹೋಗುತ್ತಾರೆ. ನಾನು ಯಾರ ಪರವಾಗಿ ಭಯಪಡಬೇಕು ಎಂಬುದೇ ತಿಳಿಯಲಿಲ್ಲ, ಏಕೆಂದರೆ ಬದುಕಿ ಉಳಿಯಲಿ ಎಂದು ಹಾರೈಸಬಹುದಾದ ಒಂದು ಪಾತ್ರವೂ ಇಲ್ಲಿಲ್ಲ. ಕೊನೆಯಲ್ಲಿ ಇಬ್ಬರು ಪುಟ್ಟ ಮಕ್ಕಳು ಬಂದೂಕು ಹಿಡಿದು ತಂದೆತಾಯಿಯರನ್ನು ಹೊಡೆದುರುಳಿಸುವ ದೃಶ್ಯ ಬಂದಾಗ ನಗಬೇಕೋ ಬೆಚ್ಚಬೇಕೋ ಎಂಬ ಗೊಂದಲದಲ್ಲಿಯೇ ಚಿತ್ರ ಮುಗಿಯಿತು.

ಆದ್ದರಿಂದ ನನ್ನ ಪ್ರಶ್ನೆ ಇಷ್ಟೇ: ಮುಂದೆ ಬಂದ ಚಿತ್ರಗಳಿಗೆ ಇದು ಪೂರ್ವಜ ಎಂಬ ಗೌರವವನ್ನು ಬದಿಗಿಟ್ಟು ನೋಡಿದರೆ, ಇದು ತನ್ನಷ್ಟಕ್ಕೆ ತಾನೇ ಒಳ್ಳೆಯ ಚಿತ್ರವೇ?

ತೊರೆಮನೆ

ತಾವು ದೋಷವೆಂದು ಗುರುತಿಸಿರುವುದನ್ನೇ ನಾನು ಈ ಚಿತ್ರದ ಬೆನ್ನೆಲುಬು ಎಂದು ತಿಳಿದಿದ್ದೇನೆ. ಇಟಲಿಯಲ್ಲಿ ಇದಕ್ಕಿದ್ದ ಹೆಸರುಗಳನ್ನು ಗಮನಿಸಿ. ಒಂದು ‘ರಿಯಾತ್ಸಿಯೋನೆ ಆ ಕತೇನಾ’, ಅಂದರೆ ಸರಪಳಿ ಪ್ರತಿಕ್ರಿಯೆ. ಇನ್ನೊಂದು ‘ಎಕೊಲೊಜಿಯಾ ದೆಲ್ ದೆಲಿತ್ತೊ’, ಅಂದರೆ ಅಪರಾಧದ ಪರಿಸರಶಾಸ್ತ್ರ. ಇಂಗ್ಲಿಷಿನ ರಕ್ತಮಯ ಶೀರ್ಷಿಕೆ ಕೇಳಿ ಒಳಹೋದವರು ಹುಡುಕುವುದು ಒಬ್ಬ ಕೊಲೆಗಾರನನ್ನು. ಇಟಾಲಿಯನ್ ಶೀರ್ಷಿಕೆಗಳಾದರೋ ಕೊಲೆಗಾರ ಒಬ್ಬನಲ್ಲ, ಇದೊಂದು ಆಹಾರ ಸರಪಳಿ ಎಂಬುದನ್ನು ಮೊದಲೇ ಸಾರಿಬಿಡುತ್ತವೆ.

ಕಥೆಯನ್ನು ಆಸ್ತಿಯ ವ್ಯಾಜ್ಯವೆಂದು ಓದಿ ನೋಡಿ, ಗೋಜಲೆಲ್ಲ ತಿಳಿಯಾಗುತ್ತದೆ. ಕೊಲ್ಲಿಯ ಸುತ್ತಲಿನ ಜಾಗ ಕೌಂಟೆಸ್‌ಳದ್ದು, ಅವಳಿಗೆ ಅದನ್ನು ಮಾರುವ ಮನಸ್ಸಿಲ್ಲ. ಅಲ್ಲಿ ಕಟ್ಟಡಗಳನ್ನೆಬ್ಬಿಸಿ ಹಣಮಾಡಬೇಕೆಂದಿರುವ ವೆಂಚುರಾ ಅವಳ ಗಂಡ ಫಿಲಿಪ್ಪೊನನ್ನು ಕೊಲೆಗೆ ಒಪ್ಪಿಸುತ್ತಾನೆ. ಆ ಗಂಡನನ್ನು ಕೊಲ್ಲುವವನು ಕೌಂಟೆಸ್‌ಳ ಅಕ್ರಮ ಸಂತಾನವಾದ, ದಡದಲ್ಲಿ ಮೀನು ಹಿಡಿದು ಬದುಕುವ ಸೈಮನ್. ಆಮೇಲೆ ಫಿಲಿಪ್ಪೊನ ಮಗಳು ರೆನಾಟಾ ತನ್ನ ಗಂಡ ಆಲ್ಬರ್ಟ್‌ನೊಂದಿಗೆ ಹಕ್ಕು ಕೇಳಲು ಬರುತ್ತಾಳೆ. ಪಿತ್ರಾರ್ಜಿತ ಜಮೀನಿನ ಪಾಲಿಗಾಗಿ ದಾಯಾದಿಗಳು ಕೋರ್ಟು ಮೆಟ್ಟಿಲು ಹತ್ತಿ ಮೂರು ತಲೆಮಾರು ಸವೆಸುವುದನ್ನು ಕಂಡಿರುವ ನಮಗೆ ಈ ಕಥೆ ಹೊಸದೇನಲ್ಲ. ಬಾವಾ ವಕೀಲರನ್ನು ತೆಗೆದುಹಾಕಿ ಕೊಡಲಿಯನ್ನು ಇಟ್ಟಿದ್ದಾರೆ, ಅಷ್ಟೆ.

ಈಗ ಆ ನಾಲ್ವರು ಯುವಜನರ ವಿಷಯ. ಅವರಿಗೂ ಆಸ್ತಿಗೂ ಸಂಬಂಧವಿಲ್ಲ ಎಂಬ ತಮ್ಮ ಮಾತು ನಿಜ. ಅವರಲ್ಲೊಬ್ಬಳು ಈಜಲು ನೀರಿಗಿಳಿದು, ಮುಳುಗಿಸಿಟ್ಟಿದ್ದ ಫಿಲಿಪ್ಪೊನ ಶವವನ್ನು ಕಂಡುಬಿಡುತ್ತಾಳೆ. ಅವಳು ಕಂಡದ್ದಕ್ಕೆ ಅವಳೂ, ಅವಳೊಂದಿಗೆ ಬಂದ ತಪ್ಪಿಗೆ ಉಳಿದ ಮೂವರೂ ಸಾಯುತ್ತಾರೆ. ದುರಾಸೆಗೆ ಬಲಿಯಾಗುವವರು ದುರಾಸೆಯವರು ಮಾತ್ರವಲ್ಲ ಎಂಬುದನ್ನು ಚಿತ್ರಕಥೆ ಹೇಳುವ ಜಾಗ ಅದೊಂದೇ. ಮುಂದಿನ ದಶಕದ ಅಮೆರಿಕನ್ ಚಿತ್ರಗಳು ಈ ಉಪಕಥೆಯನ್ನೇ ಕಿತ್ತುಕೊಂಡು ಇಡೀ ಕಥೆಯನ್ನಾಗಿ ಹಿಗ್ಗಿಸಿದವು: ನೀರಿನ ದಂಡೆ, ರಜೆಗೆ ಬಂದ ಹುಡುಗ ಹುಡುಗಿಯರು, ಪೊದೆಯ ಹಿಂದಿನಿಂದ ನೋಡುವ ಕಣ್ಣು. 1981ರ ‘ಫ್ರೈಡೇ ದ ಥರ್ಟೀಂತ್ ಪಾರ್ಟ್ 2’ ಚಿತ್ರದಲ್ಲಿ ಹಾಸಿಗೆಯ ಮೇಲಿನ ಜೋಡಿಯನ್ನು ಒಂದೇ ಈಟಿ ಇರಿಯುವ ದೃಶ್ಯವೂ, ಮುಖಕ್ಕೆ ಕತ್ತಿ ಬೀಳುವ ದೃಶ್ಯವೂ ಬಾವಾ ಅವರ ಈ ಭಾಗವನ್ನು ನೋಡಿದವರಿಗೆ ಹತ್ತು ವರ್ಷ ಹಳೆಯ ಪರಿಚಯ.

ತಾವು ಯಾರ ಪರವಾಗಿ ಭಯಪಡಬೇಕು ಎಂದು ಕೇಳಿದ್ದೀರಿ. ಸೈಮನ್ ಮತ್ತು ಕೀಟಸಂಗ್ರಾಹಕ ಪಾವ್ಲೊ ಮಾತನಾಡುವ ದೃಶ್ಯವನ್ನು ನೆನಪಿಸಿಕೊಳ್ಳಿ. ತಾನು ತಿನ್ನುವುದಕ್ಕಾಗಿ ಕೊಲ್ಲುತ್ತೇನೆಯೇ ಹೊರತು ಹವ್ಯಾಸಕ್ಕಲ್ಲ ಎಂಬ ಅರ್ಥದಲ್ಲಿ ಸೈಮನ್ ಆಡುವ ಮಾತಿಗೆ, ಹುಳುಗಳನ್ನು ಸೂಜಿಗೆ ಚುಚ್ಚಿಡುವ ಪಾವ್ಲೊ ಇರಿಸುಮುರಿಸಾಗುತ್ತಾನೆ. ಈ ನೀತಿಯ ಮಾತನ್ನಾಡಿದವನೇ ಮುಂದೆ ಆ ನಾಲ್ವರನ್ನೂ ಕತ್ತರಿಸಿ ಹಾಕುತ್ತಾನೆ. ಹೀಗಿರುವಾಗ ಪ್ರೇಕ್ಷಕನು ಆತುಕೊಳ್ಳಲು ಬಾವಾ ಒಂದು ಭುಜವನ್ನಾದರೂ ಏಕೆ ಒದಗಿಸಬೇಕು? ಚಿತ್ರದ ಮೊಟ್ಟಮೊದಲ ಸಾವು ಕೌಂಟೆಸ್‌ಳದ್ದೂ ಅಲ್ಲ. ಗುಂಯ್‌ಗುಟ್ಟುತ್ತ ಹಾರಿಬಂದು ನೀರಿಗೆ ಬಿದ್ದು ಸಾಯುವ ಒಂದು ನೊಣದ್ದು.

ನೆರಳುಬೆಳಕು

ಕಥೆಯ ಬಗ್ಗೆ ತೊರೆಮನೆಯವರು ಹೇಳಿದ ಮೇಲೆ ನನಗೆ ಉಳಿದಿರುವುದು ಕ್ಯಾಮೆರಾ. ಬಾವಾ ಮೂಲತಃ ಛಾಯಾಗ್ರಾಹಕರು. ಅವರ ತಂದೆ ಯುಜೆನಿಯೊ ಬಾವಾ ಶಿಲ್ಪಿಯಾಗಿದ್ದು, ಮೂಕಿ ಚಿತ್ರಗಳ ಕಾಲದಲ್ಲೇ ಛಾಯಾಗ್ರಹಣ ಮತ್ತು ತಂತ್ರದೃಶ್ಯಗಳಲ್ಲಿ ಕೈಪಳಗಿಸಿಕೊಂಡಿದ್ದವರು. ಈ ಚಿತ್ರಕ್ಕೆ ಛಾಯಾಗ್ರಹಣವನ್ನೂ ಬಾವಾ ತಾವೇ ಮಾಡಿದರು, ಹಣ ತೀರ ಕಡಿಮೆಯಿತ್ತು. ಹಳಿ ಹಾಕಿ ಟ್ರಾಲಿ ಓಡಿಸಲು ಅನುಕೂಲವಿಲ್ಲದ್ದರಿಂದ ಮಕ್ಕಳ ಆಟದ ಗಾಡಿಯೊಂದರ ಮೇಲೆ ಕ್ಯಾಮೆರಾ ಇಟ್ಟು ಎಳೆದರೆಂಬುದೂ, ದಟ್ಟ ಕಾಡಿಲ್ಲದ ಜಾಗದಲ್ಲಿ ಲೆನ್ಸಿನ ಮುಂದೆ ಕೊಂಬೆರೆಂಬೆಗಳನ್ನು ಹಿಡಿಸಿ ಕಾಡಿನ ಭ್ರಮೆ ಹುಟ್ಟಿಸಿದರೆಂಬುದೂ ಬಾವಾ ಅಭಿಮಾನಿಗಳು ಮತ್ತೆ ಮತ್ತೆ ಹೇಳಿಕೊಳ್ಳುವ ಕಥೆಗಳು. ಇದನ್ನು ತಿಳಿದು ಮತ್ತೊಮ್ಮೆ ನೋಡಿದರೆ, ಎಲೆಗಳ ನಡುವಿನಿಂದ ಯಾರೋ ಇಣುಕುವ ದೃಶ್ಯಗಳು ಇಷ್ಟೊಂದು ಏಕಿವೆ ಎಂಬುದಕ್ಕೆ ಅರ್ಧ ಉತ್ತರ ಸಿಗುತ್ತದೆ. ಬಡತನವೇ ಇಲ್ಲಿ ಶೈಲಿಯಾಗಿದೆ.

ಗಾಯಗಳನ್ನು ರೂಪಿಸಿದವರು ಕಾರ್ಲೊ ರಾಂಬಾಲ್ಡಿ. ಮುಂದೆ ‘ಏಲಿಯನ್’ (1979) ಮತ್ತು ‘ಇ.ಟಿ.’ (1982) ಚಿತ್ರಗಳಿಗಾಗಿ ಆಸ್ಕರ್ ಪಡೆದವರು ಅವರೇ. ಆ ಮುದ್ದು ಅನ್ಯಗ್ರಹ ಜೀವಿಯನ್ನು ಕಂಡು ಕಣ್ಣೀರಿಟ್ಟ ಎಷ್ಟು ಮಂದಿಗೆ, ಅದಕ್ಕೆ ಜೀವ ಕೊಟ್ಟ ಕೈಗಳೇ ಹತ್ತು ವರ್ಷ ಮೊದಲು ಒಬ್ಬ ಯುವಕನ ಮುಖಕ್ಕೆ ಕತ್ತಿ ನಾಟಿಸಿದ್ದವೆಂದು ಗೊತ್ತಿರಲಿಕ್ಕಿಲ್ಲ!

ನಟವರ್ಗವನ್ನೂ ಹಗುರವಾಗಿ ಕಾಣಬೇಡಿ. ಕೌಂಟೆಸ್ ಆಗಿ ಒಂದು ಮಾತನ್ನೂ ಆಡದೆ ಸಾಯುವ ಈಸಾ ಮಿರಾಂಡಾ 1949ರಲ್ಲಿ ಕಾನ್ ಚಿತ್ರೋತ್ಸವದ ಶ್ರೇಷ್ಠ ನಟಿ. ಭವಿಷ್ಯ ಹೇಳುವ ಆನಾ ಪಾತ್ರದ ಲಾವ್ರಾ ಬೆತ್ತಿ 1968ರಲ್ಲಿ ನಿರ್ದೇಶಕ ಪಾಸೊಲಿನಿ ಅವರ ‘ತೆಓರೆಮಾ’ ಚಿತ್ರಕ್ಕಾಗಿ ವೆನಿಸ್‌ನಲ್ಲಿ ಪ್ರಶಸ್ತಿ ಪಡೆದವರು. ಪಾವ್ಲೊ ಆಗಿರುವ ಲಿಯೊಪೋಲ್ಡೊ ತ್ರಿಯೆಸ್ತೆ ನಿರ್ದೇಶಕ ಫೆಲಿನಿ ಅವರ ಆರಂಭದ ಚಿತ್ರಗಳ ನಟ. ಆನಾ ಟ್ಯಾರೋ ಎಲೆಗಳನ್ನು ಹರಡಿಕೊಂಡು ಅನಾಹುತವನ್ನು ಮುಂಗಾಣುವ, ಪಾವ್ಲೊ ತನ್ನ ಹುಳುಗಳ ಜಗತ್ತಿನಲ್ಲೇ ಮುಳುಗಿರುವ ಆ ಮನೆಯ ದೃಶ್ಯಗಳು ನನಗೆ ಕೊಲೆಗಳಿಗಿಂತ ಹೆಚ್ಚು ಇಷ್ಟ. ಸ್ತೆಲ್ವಿಯೊ ಚಿಪ್ರಿಯಾನಿ ಅವರ ಸಂಗೀತ ಮಾತ್ರ ಕೆಲವೆಡೆ ತೀರ ಅಬ್ಬರದ್ದು ಎಂದು ನನ್ನ ತಕರಾರಿದೆ, ಕೊನೆಯ ಉಲ್ಲಾಸದ ರಾಗವೊಂದನ್ನು ಬಿಟ್ಟು.

ಅರ್ಧ ಟಿಕೆಟ್

ನಾನು ಮೇಲಿನ ಇಬ್ಬರನ್ನೂ ಒಪ್ಪುವುದಿಲ್ಲ. ಚಿತ್ರ ಜಾಣತನದಿಂದ ಕೂಡಿದೆ ಎಂಬುದು ಬೇರೆ, ಒಳ್ಳೆಯದಾಗಿದೆ ಎಂಬುದು ಬೇರೆ.

ಬಾವಾ ಅವರ ನಿಜವಾದ ಸಾಧನೆ 1964ರ ‘ಸೇಯ್ ದೊನ್ನೆ ಪೆರ್ ಲಸ್ಸಸ್ಸೀನೊ’, ಅಂದರೆ ‘ಕೊಲೆಗಾರನಿಗೆ ಆರು ಹೆಂಗಸರು’. ಇಟಲಿಯಲ್ಲಿ ‘ಜಾಲ್ಲೊ’ ಎಂದರೆ ಹಳದಿ. 1929ರಿಂದ ಮೊಂಡಡೋರಿ ಪ್ರಕಾಶನದವರು ಹಳದಿ ರಕ್ಷಾಪುಟ ತೊಡಿಸಿ ಹೊರತಂದ ಪತ್ತೇದಾರಿ ಕಾದಂಬರಿಗಳಿಂದ ಆ ಬಣ್ಣವೇ ಇಡೀ ಪ್ರಕಾರದ ಹೆಸರಾಯಿತು. ಆ ಪ್ರಕಾರಕ್ಕೆ ಮುಖವಿಲ್ಲದ ಮುಖವಾಡ, ಟೋಪಿ, ಕೈಗವಸು ತೊಟ್ಟ ಕೊಲೆಗಾರನನ್ನೂ, ಕೆಂಪು ಹಸಿರು ನೇರಳೆ ಬೆಳಕಿನಲ್ಲಿ ಮಿಂದ ಫ್ಯಾಷನ್ ಮಳಿಗೆಯನ್ನೂ ಕೊಟ್ಟದ್ದು ಆ ಚಿತ್ರ. ಅಲ್ಲಿಯೂ ಯಾರೂ ಒಳ್ಳೆಯವರಲ್ಲ, ಅಲ್ಲಿಯೂ ಹಣವೇ ಮೂಲ. ಆದರೆ ಅಲ್ಲಿ ಪ್ರತಿ ಸಾವಿಗೂ ಮೊದಲು ಆ ಹೆಣ್ಣು ಯಾವುದಕ್ಕೆ ಹೆದರುತ್ತಿದ್ದಾಳೆಂದು ನಮಗೆ ತಿಳಿದಿರುತ್ತದೆ, ಆದ್ದರಿಂದ ಅವಳೊಂದಿಗೆ ನಾವೂ ಕತ್ತಲೆಯಲ್ಲಿ ನಡೆಯುತ್ತೇವೆ. ‘ಬೇ ಆಫ್ ಬ್ಲಡ್’ನಲ್ಲಿ ನಾನು ಲೆಕ್ಕ ಇಡುವವನಾಗಿ ಮಾತ್ರ ಕುಳಿತಿದ್ದೆ.

ಪ್ರಭಾವದ ಮಾತಿಗೂ ಒಂದು ತಿದ್ದುಪಡಿ ಅಗತ್ಯ. ನಂತರದವರು ಈ ಚಿತ್ರದಿಂದ ಕೊಲೆಯ ವಿಧಾನಗಳನ್ನು ಎತ್ತಿಕೊಂಡರು, ವ್ಯಂಗ್ಯವನ್ನು ಅಲ್ಲೇ ಬಿಟ್ಟರು. ಹಾಗೆ ಬಿಟ್ಟುಹೋಗಲು ಸಾಧ್ಯವಾದದ್ದೇ ಆ ವ್ಯಂಗ್ಯ ಕಥೆಯೊಳಗೆ ಎಷ್ಟು ಸಡಿಲವಾಗಿ ಕೂತಿತ್ತೆಂಬುದಕ್ಕೆ ಸಾಕ್ಷಿ. ಮಾರಾಟಗಾರರಂತೂ ಇದನ್ನು ಯಾವ ಹೆಸರಿಗೆ ಬೇಕಾದರೂ ಹೊಂದುವ ಸರಕಿನಂತೆ ಕಂಡರು: ಅಮೆರಿಕದಲ್ಲಿ ‘ಟ್ವಿಚ್ ಆಫ್ ದ ಡೆತ್ ನರ್ವ್’, ಇನ್ನೊಮ್ಮೆ ‘ಕಾರ್ನೇಜ್’, ಮತ್ತೊಮ್ಮೆ 1972ರ ‘ದ ಲಾಸ್ಟ್ ಹೌಸ್ ಆನ್ ದ ಲೆಫ್ಟ್’ ಚಿತ್ರದ ಎರಡನೆಯ ಭಾಗ. ಒಂದು ವರ್ಷ ಮೊದಲೇ ಹುಟ್ಟಿದವನನ್ನು ತಮ್ಮನೆಂದು ಪರಿಚಯಿಸಿದಂತಾಯಿತು.

ತೊರೆಮನೆ

ಅರ್ಧ ಟಿಕೆಟ್ ಅವರೇ, 1964ರ ಚಿತ್ರ ಹೆಚ್ಚು ಸುಂದರ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವ್ಯಂಗ್ಯ ಸಡಿಲವಾಗಿ ಕೂತಿದೆ ಎನ್ನುವವರು ಮಕ್ಕಳನ್ನು ಮರೆತಿದ್ದಾರೆ. ರೆನಾಟಾ ಮತ್ತು ಆಲ್ಬರ್ಟ್ ಆ ಇಬ್ಬರನ್ನು ಕಾರವಾನಿನಲ್ಲಿ ಬಿಟ್ಟು ಆಸ್ತಿ ಗಳಿಸಲು ಹೊರಡುವುದನ್ನು ಬಾವಾ ಮೊದಲೇ ತೋರಿಸಿದ್ದಾರೆ. ಎಲ್ಲ ಪ್ರತಿಸ್ಪರ್ಧಿಗಳನ್ನೂ ಮುಗಿಸಿ, ಇನ್ನು ಎಲ್ಲವೂ ನಮ್ಮದೇ ಎಂದು ಅವರು ಹಿಂದಿರುಗಿದಾಗ, ಮಕ್ಕಳಿಗೆ ಬಂದೂಕು ಆಟಿಕೆ, ತಂದೆತಾಯಿಯ ಸಾವೂ ಚೆನ್ನಾಗಿ ಆಡಿದ ಆಟ. ‘ಮಾಡಿದ್ದುಣ್ಣೋ ಮಹರಾಯ’ ಎಂದು ನಮ್ಮಲ್ಲಿ ಹೇಳುವುದನ್ನು ಬಾವಾ ಒಂದು ಗುಂಡಿನ ಸದ್ದಿನಲ್ಲಿ ಹೇಳಿದ್ದಾರೆ.

ಕೊನೆಯ ಸಾಲಿನ ಪ್ರೇಕ್ಷಕ

ಮೂವರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಚಿತ್ರವನ್ನು ಮತ್ತೊಮ್ಮೆ ನೋಡಿದೆ, ಈ ಬಾರಿ ಯಾರು ಕೊಂದರು ಎಂಬುದನ್ನು ಬಿಟ್ಟು ಯಾರಿಗೆ ಲಾಭ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳುತ್ತ. ಗೋಜಲು ನಿಜಕ್ಕೂ ಕರಗಿತು. ಯುವಜನರ ಭಾಗ ಈಗಲೂ ನನಗೆ ಉದ್ದವೆನಿಸುತ್ತದೆ, ಅಲ್ಲಿ ಅರ್ಧ ಟಿಕೆಟ್ ಅವರ ಮಾತಿನೊಂದಿಗೇ ನಾನಿದ್ದೇನೆ; ಅವರು ಸೂಚಿಸಿದ 1964ರ ಚಿತ್ರವನ್ನು ಈ ಭಾನುವಾರ ನೋಡಲಿದ್ದೇನೆ.

ಒಂದು ವಿಷಯ ಮಾತ್ರ ಮೊದಲ ಬಾರಿ ನನ್ನ ಕಣ್ತಪ್ಪಿತ್ತು. ದೋಣಿಯ ಹೊದಿಕೆಯ ಕೆಳಗಿದ್ದ ಫಿಲಿಪ್ಪೊನ ಮುಖದ ಮೇಲೆ ಆಕ್ಟೋಪಸ್ ಹರಿದಾಡುವುದನ್ನು ರೆನಾಟಾ ಕಾಣುವ ದೃಶ್ಯದಲ್ಲಿ ನಾನು ಅಸಹ್ಯದಿಂದ ಮುಖ ತಿರುಗಿಸಿದ್ದೆ. ಈ ಸಲ ಪೂರ್ತಿ ನೋಡಿದೆ. ಅಷ್ಟೊಂದು ಹೆಣಗಳು ಬೀಳುವ ಆ ಕೊಲ್ಲಿಯಲ್ಲಿ ಯಾವ ದುರುದ್ದೇಶವೂ ಇಲ್ಲದೆ ತನ್ನ ಪಾಡಿಗೆ ತಾನು ಓಡಾಡುತ್ತಿದ್ದದ್ದು ಅದೊಂದೇ.